ಛಲ ಮತ್ತು ನೇಮ

ಭಾಷೆ ಮನುಷ್ಯನ ದೇಹವನ್ನು ಹೇಗೆ ನೋಡುತ್ತದೆ ಎಂಬುದು ಆ ಭಾಷೆಯ ಸಾಮಾನ್ಯ ಮಾತುಗಳಲ್ಲಿಯೇ ಅಡಗಿರುತ್ತದೆ. ಕನ್ನಡದಲ್ಲಿ ‘ತೂಕದ ಮನುಷ್ಯ’ ಎಂದರೆ ಗೌರವಸ್ಥ. ‘ಹಗುರವಾಗಿ ಮಾತನಾಡುವವನು’ ಎಂದರೆ ನಂಬಲಾಗದವನು. ಮರಾಠಿಯಲ್ಲಿ ‘ವಜನದಾರ’ ಎಂಬ ಮಾತಿಗೂ ಪ್ರಭಾವಶಾಲಿ ಎಂಬುದೇ ಅರ್ಥ. ಅದೇ ಮರಾಠಿಯಲ್ಲಿ ‘ಜಡ’ ಎಂದರೆ ಭಾರ. ಕನ್ನಡದಲ್ಲಿ ‘ಜಡ’ ಎಂದರೆ ಚಲನೆಯಿಲ್ಲದ್ದು, ‘ಜಡ್ಡು’ ಎಂದರೆ ಕಾಯಿಲೆ. ಮಲಯಾಳದ ‘ತಡಿ’ ಮರದ ದಿಮ್ಮಿಯನ್ನೂ ಸೂಚಿಸುತ್ತದೆ, ಮೈಯ ದಪ್ಪವನ್ನೂ ಸೂಚಿಸುತ್ತದೆ. ಹಲವು ಭಾಷೆಗಳು ಒಂದೇ ಅಂಗಳದಲ್ಲಿ ಕಲೆಯುವ ಕಾಸರಗೋಡಿನಲ್ಲಿ ಈ ಎಲ್ಲ ಅರ್ಥಗಳೂ ದಿನನಿತ್ಯ ಒಂದನ್ನೊಂದು ಸಂಧಿಸುತ್ತಿರುತ್ತವೆ.

ಮದುವೆಮನೆಯ ಚಪ್ಪರದಲ್ಲಿ ಬಹುಕಾಲದ ಮೇಲೆ ಕಂಡ ಹೆಣ್ಣುಮಗಳಿಗೆ ಹಿರಿಯರು ಹೇಳುವ ಮೊದಲ ಮಾತು ದೇಹದ ಕುರಿತೇ ಇರುತ್ತದೆ. ‘ಮೈಕೈ ತುಂಬಿಕೊಂಡಿದ್ದಾಳೆ’ ಎಂದರೆ ಸಂತೋಷ. ‘ಎಂತ ಮಗಳೇ, ಇಷ್ಟು ಸೊರಗಿದ್ದಿ? ಸೌಖ್ಯ ಉಂಟಲ್ಲ?’ ಎಂದರೆ ಆತಂಕ. ಈ ಮಾತುಗಳಲ್ಲಿ ಕುಹಕವಿಲ್ಲ. ಅಕ್ಕಿ ಅಳೆದು ಬೇಯಿಸುತ್ತಿದ್ದ, ಆಟಿ ತಿಂಗಳ ಮಳೆಯಲ್ಲಿ ತಜಂಕಿನ ಸೊಪ್ಪು, ಕೆಸುವಿನ ಎಲೆ, ಹಲಸಿನ ಬೀಜಗಳಿಂದಲೇ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದ ತಲೆಮಾರುಗಳ ನೆನಪು ಅವುಗಳಲ್ಲಿ ಉಳಿದಿದೆ. ಮೈ ಸೊರಗುವುದು ಬಡತನದ ಗುರುತಾಗಿದ್ದ ಕಾಲದಲ್ಲಿ ಮೈ ತುಂಬುವುದು ಭಾಗ್ಯದ ಗುರುತಾಗಿತ್ತು. ಕಾಲ ಬದಲಾಗಿದೆ, ಮಾತು ಬದಲಾಗಿಲ್ಲ. ತೂಕ ಇಳಿಸಬೇಕಾದವರು ಎದುರಿಸುವ ಮೊದಲ ಅಡ್ಡಿ ಈ ಪ್ರೀತಿಯ ಮಾತೇ.

ಪ್ರಾಚೀನರು ಈ ವಿಷಯದಲ್ಲಿ ಹೆಚ್ಚು ಸಮತೋಲನ ತೋರಿದ್ದರು. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಅತಿ ಸ್ಥೂಲತೆ ಮತ್ತು ಅತಿ ಕೃಶತೆ ಎರಡನ್ನೂ ದೋಷವೆಂದೇ ಎಣಿಸಲಾಗಿದೆ. ಎರಡರಲ್ಲಿ ಸ್ಥೂಲತೆಯ ಚಿಕಿತ್ಸೆಯೇ ಹೆಚ್ಚು ಕಷ್ಟವೆಂದು ಅಲ್ಲಿ ಹೇಳಿದೆ. ನಮ್ಮ ಕಾಲದ ವೈದ್ಯವಿಜ್ಞಾನ ಇದಕ್ಕೆ ಇನ್ನೊಂದು ಎಚ್ಚರವನ್ನು ಸೇರಿಸಿದೆ. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ದೇಹಗಳನ್ನೇ ಉದಾಹರಣೆಯಾಗಿ ಮುಂದಿಟ್ಟರು. ಎತ್ತರಕ್ಕೆ ತಕ್ಕ ತೂಕವನ್ನು ಸೂಚಿಸುವ ದೇಹದ್ರವ್ಯರಾಶಿ ಸೂಚ್ಯಂಕ ಇಬ್ಬರಲ್ಲಿಯೂ 22.3 ಇತ್ತು. ಆದರೆ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬಿನ ಪ್ರಮಾಣ ಶೇಕಡ 9.1, ಯಾಜ್ಞಿಕ್ ಅವರ ದೇಹದಲ್ಲಿ ಶೇಕಡ 21.2. ಕಣ್ಣಿಗೆ ತೆಳ್ಳಗೆ ಕಾಣುವ ಭಾರತೀಯನ ಹೊಟ್ಟೆಯೊಳಗೆ ಕೊಬ್ಬು ಗುಪ್ತವಾಗಿ ಸಂಚಯವಾಗಿರಬಹುದು ಎಂಬುದಕ್ಕೆ ಅದು ನಿದರ್ಶನವಾಯಿತು. ಈ ಕಾರಣದಿಂದಲೇ ಭಾರತೀಯರಿಗೆ ಸೂಚ್ಯಂಕ 23 ದಾಟಿದರೆ ಅಧಿಕ ತೂಕ, 25 ಮುಟ್ಟಿದರೆ ಬೊಜ್ಜು ಎಂದು ತಜ್ಞರು ಗೆರೆ ಎಳೆದಿದ್ದಾರೆ. ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂಟಿಮೀಟರ್, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ಮೀರಬಾರದು ಎಂಬುದೂ ಅದೇ ಎಚ್ಚರದ ಭಾಗ.

ಕುಂಬಳೆಯ ಕಡೆ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಪಾಠ ಹೇಳುವ ಟೀಚರೊಬ್ಬರಿದ್ದಾರೆ. ವಯಸ್ಸು ಐವತ್ತು ದಾಟಿದೆ. ಹೆಸರು ಇಲ್ಲಿ ಅಗತ್ಯವಿಲ್ಲ; ಅವರ ಕಥೆ ಅನೇಕರ ಕಥೆ. ಒಂದು ಜನವರಿಯಲ್ಲಿ ಅವರು ತೂಕದ ಯಂತ್ರದ ಮೇಲೆ ನಿಂತಾಗ ಮುಳ್ಳು 70 ಕಿಲೋ ತೋರಿಸಿತು. ಎತ್ತರ 153 ಸೆಂಟಿಮೀಟರ್. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಹೇಳುವ ರಕ್ತಪರೀಕ್ಷೆಯಲ್ಲಿ 6.2 ಬಂದಿತ್ತು. 5.7ರಿಂದ 6.4ರವರೆಗಿನದು ಮಧುಮೇಹದ ಹೊಸ್ತಿಲು, 6.5 ಎಂದರೆ ಒಳಗೆ ಕಾಲಿಟ್ಟಂತೆ.

ಈ ಅಂಕಿಯನ್ನು ಅವರು ಬೇರೆ ಯಾರಿಗಿಂತಲೂ ಚೆನ್ನಾಗಿ ಓದಬಲ್ಲವರಾಗಿದ್ದರು. ಅವರ ತಾಯಿ ಇಪ್ಪತ್ತು ವರ್ಷ ಮಧುಮೇಹದೊಂದಿಗೆ ಬದುಕಿ, ಕೊನೆಗೆ ಮೂತ್ರಪಿಂಡಗಳನ್ನು ಕಳೆದುಕೊಂಡು, ವಾರಕ್ಕೆ ಎರಡು ಬಾರಿ ಡಯಾಲಿಸಿಸ್‌ಗೆ ಮಂಗಳೂರಿಗೆ ಹೋಗುತ್ತಿದ್ದರು. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಕಾರಣದಿಂದ ತಲಪಾಡಿಯ ಗಡಿ ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ದಾರಿ ಕಾಣದಾದರು. ಗಡಿ ದಾಟಲಾಗದೆ ಜೀವ ಬಿಟ್ಟವರೂ ಇದ್ದರು. ವಿಷಯ ಉಚ್ಚ ನ್ಯಾಯಾಲಯವನ್ನೂ ಸರ್ವೋಚ್ಚ ನ್ಯಾಯಾಲಯವನ್ನೂ ಮುಟ್ಟಿತು. ಆ ವಾರಗಳಲ್ಲಿ ಟೀಚರು ತಾಯಿಯನ್ನು ಕರೆದುಕೊಂಡು ದಕ್ಷಿಣದ ಕಡೆ ಊರಿಂದ ಊರಿಗೆ ಅಲೆದರು. ತಾಯಿ ಆ ಕಷ್ಟವನ್ನು ದಾಟಿ ಬದುಕಿದರು, ಮರುವರ್ಷ ತೀರಿಕೊಂಡರು. ಗಡಿನಾಡಿನವರ ಪಾಲಿಗೆ ದೀರ್ಘರೋಗವೆಂದರೆ ಔಷಧದ ಚೀಟಿ ಮಾತ್ರವಾಗಿರದೆ, ಗಡಿಯಾಚೆಗೆ ಕಟ್ಟಿದ ಹಗ್ಗವೂ ಆಗಿರುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ಆದ್ದರಿಂದ ತೂಕ ಇಳಿಸುವ ಪ್ರಶ್ನೆ ಅವರಿಗೆ ಅಂದಚಂದದ ಪ್ರಶ್ನೆಯಾಗಿರಲಿಲ್ಲ.

ಕಾರಣ ಇಷ್ಟು ಬಲವಾಗಿದ್ದರೂ ಮೊದಲ ಪ್ರಯತ್ನ ಸೋತಿತು. ಅವರು ಛಲ ಹಿಡಿದರು. ಅನ್ನ ಪೂರ್ತಿ ಬಿಟ್ಟರು. ರಾತ್ರಿ ಉಪವಾಸ ಮಾಡಿದರು. ನಡೆದು ಅಭ್ಯಾಸವಿಲ್ಲದ ಕಾಲುಗಳನ್ನು ದಿನಕ್ಕೆ ಎರಡು ಗಂಟೆ ನಡೆಸಿದರು. ಮೂರನೆಯ ವಾರದಲ್ಲಿ ಮೊಣಕಾಲು ಊದಿತು. ಒಂದು ಮಧ್ಯಾಹ್ನ ತರಗತಿಯಲ್ಲಿ ತಲೆ ಸುತ್ತಿ ಕುರ್ಚಿಯನ್ನು ಹಿಡಿದುಕೊಳ್ಳಬೇಕಾಯಿತು. ಆ ಸಂಜೆ ಬೇಕರಿಯ ಮುಂದೆ ನಿಂತು ಎರಡು ಪಳಂಪೊರಿ ತಿಂದರು. ಮರುದಿನ ‘ನನ್ನಿಂದಾಗುವ ಕೆಲಸ ಇದಲ್ಲ’ ಎಂದು ಎಲ್ಲವನ್ನೂ ಕೈಬಿಟ್ಟರು.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಸೋಲಿನ ಸ್ವರೂಪ ಅಪರಿಚಿತವಾಗಿರಲಾರದು. ರನ್ನನ ‘ಗದಾಯುದ್ಧ’ದ ದುರ್ಯೋಧನನ ಛಲ ಓದುಗರ ಗೌರವವನ್ನು ಗೆಲ್ಲುತ್ತದೆ, ಆದರೆ ಅದು ಎದುರಾಳಿಯನ್ನು ಬಯಸುವ ಛಲ, ಒಂದೇ ಯುದ್ಧದಲ್ಲಿ ಎಲ್ಲವನ್ನೂ ತೀರ್ಮಾನಿಸಿಬಿಡುವ ಛಲ. ಸ್ವಂತ ದೇಹವನ್ನೇ ಎದುರಾಳಿಯೆಂದು ಬಗೆದಾಗ ಗೆದ್ದವರೂ ಸೋತವರೂ ಒಬ್ಬರೇ ಆಗುತ್ತಾರೆ. ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳ ಮಹಾಪುರುಷರು ಉಪಸರ್ಗಗಳನ್ನು ಸಹಿಸಿ ಶರೀರವನ್ನು ತ್ಯಜಿಸಿದವರು. ಅವರ ನಿರಾಹಾರ ದೇಹದಿಂದ ಬಿಡುಗಡೆ ಪಡೆಯುವ ಮಾರ್ಗ. ದೇಹದಲ್ಲಿಯೇ ಇನ್ನೂ ಮೂವತ್ತು ವರ್ಷ ಆರೋಗ್ಯದಿಂದಿದ್ದು ಮಕ್ಕಳಿಗೆ ಪಾಠ ಹೇಳಬೇಕೆಂದು ಬಯಸುವವರು ಆ ಮಾರ್ಗವನ್ನು ಅನುಸರಿಸಲಾಗದು. ಗುರಿ ಬೇರೆಯಾದಾಗ ಸಾಧನೆಯೂ ಬೇರೆಯಾಗಬೇಕು.

ಆ ಬೇರೆ ಸಾಧನೆಗೆ ಈ ನಾಡಿನಲ್ಲಿಯೇ ಒಂದು ಹೆಸರಿದೆ: ನೇಮ. ‘ನಿಯಮ’ ಎಂಬ ಸಂಸ್ಕೃತ ಶಬ್ದದ ತದ್ಭವ ಅದು. ಕನ್ನಡದಲ್ಲಿ ದಿನವೂ ತಪ್ಪದೆ ಮಾಡುವ ಕ್ರಮಕ್ಕೆ ನೇಮವೆನ್ನುತ್ತೇವೆ. ತುಳುವಿನಲ್ಲಿ ವರ್ಷವೂ ತಪ್ಪದೆ ದೈವಕ್ಕೆ ಸಲ್ಲಿಸುವ ಸೇವೆಗೆ ನೇಮವೆನ್ನುತ್ತಾರೆ. ಮನಸ್ಸಿಗೆ ಉತ್ಸಾಹ ಬಂದಿದೆಯೇ ಎಂದು ಕೇಳಿಕೊಂಡು ಯಾರೂ ದೈವದ ನೇಮ ನಡೆಸುವುದಿಲ್ಲ. ದಿನ ಬಂತು, ನೇಮ ನಡೆಯಿತು. ಉತ್ಸಾಹ ಹಿಂದಿನಿಂದ ಬಂದು ಸೇರಿಕೊಳ್ಳುತ್ತದೆ. ತೂಕ ಇಳಿಸುವವರು ಕೇಳುವ ‘ಪ್ರೇರಣೆ ಎಲ್ಲಿಂದ ತರಲಿ?’ ಎಂಬ ಪ್ರಶ್ನೆಗೆ ಈ ಎರಡಕ್ಷರದ ಶಬ್ದದಲ್ಲಿ ಉತ್ತರವಿದೆ. ಪ್ರೇರಣೆ ಕೆಲಸದ ಮೊದಲು ಬರಲೇಬೇಕೆಂದಿಲ್ಲ, ಬಹುಪಾಲು ಕೆಲಸದ ಜತೆಗೇ ಹುಟ್ಟುತ್ತದೆ.

ಟೀಚರು ಫೆಬ್ರವರಿಯ ಕೊನೆಯಲ್ಲಿ ಮತ್ತೆ ಆರಂಭಿಸಿದಾಗ ಗುರಿಯನ್ನು ಚಿಕ್ಕದಾಗಿಸಿಕೊಂಡರು. ಅಮೆರಿಕದಲ್ಲಿ 3,234 ಮಂದಿಯ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದು ಹೊಸ್ತಿಲಲ್ಲಿರುವವರ ಮುಂದೆ ಇಟ್ಟ ಗುರಿಗಳು ಎರಡೇ: ತೂಕದಲ್ಲಿ ಶೇಕಡ 7 ಇಳಿಕೆ, ವಾರಕ್ಕೆ 150 ನಿಮಿಷ ನಡಿಗೆಯಂಥ ವ್ಯಾಯಾಮ. ಆ ಗುಂಪಿನಲ್ಲಿ ಮಧುಮೇಹ ತಗಲುವ ಪ್ರಮಾಣ ಶೇಕಡ 58ರಷ್ಟು ತಗ್ಗಿತು. 70 ಕಿಲೋದಲ್ಲಿ ಶೇಕಡ 7 ಎಂದರೆ ಐದು ಕಿಲೋಗೂ ಕಡಿಮೆ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ಹೀಗೆ ಅಳೆದಾಗ ಬೆಟ್ಟದಂತೆ ಕಂಡದ್ದು ಅಂಗಳದ ಮೆಟ್ಟಿಲಾಯಿತು.

ಅಡ್ಡಿಗಳು ಹೋಗಲಿಲ್ಲ, ಒಂದೊಂದಾಗಿ ಅವುಗಳ ಮುಖ ಸ್ಪಷ್ಟವಾಯಿತು. ಮೊದಲನೆಯದು ಅಡುಗೆಮನೆ. ಮಕ್ಕಳು ತಟ್ಟೆಯಲ್ಲಿ ಬಿಟ್ಟ ದೋಸೆ, ಪಾತ್ರೆಯ ತಳದ ಪಾಯಸ, ಎಲ್ಲರದ್ದೂ ಮುಗಿದ ಮೇಲೆ ‘ಅನ್ನ ಬಿಸಾಡಬಾರದು’ ಎಂದು ಬಾಯಿಗೆ ಹಾಕಿಕೊಂಡ ಎರಡು ಸೌಟು. ಮನೆಯ ಹೆಂಗಸರ ಹೊಟ್ಟೆ ಎಷ್ಟೋ ಮನೆಗಳಲ್ಲಿ ಉಳಿಕೆಯ ಪಾತ್ರೆಯಾಗಿದೆ. ಅವರು ಕುಚ್ಚಲಕ್ಕಿ ಅನ್ನವನ್ನು ಬಿಡಲಿಲ್ಲ. ಬೇಯಿಸುವ ಅಕ್ಕಿಯ ಅಳತೆಯನ್ನು ಕಡಿಮೆ ಮಾಡಿದರು, ತಮ್ಮ ತಟ್ಟೆಗೆ ಒಂದೇ ಸಲ ಬಡಿಸಿಕೊಂಡರು, ಅನ್ನ ಇಳಿದ ಜಾಗದಲ್ಲಿ ಹುರುಳಿ ಸಾರು, ಬಾಳೆದಿಂಡಿನ ಪಲ್ಯ, ಒಂದೆಲಗದ ತಂಬುಳಿಗಳನ್ನು ತುಂಬಿಕೊಂಡರು. ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತದೆದುರು ರಾಗಿಗೆ ಗೆಲುವು ಕೊಟ್ಟಿದ್ದಾರೆ; ಅಕ್ಕಿಯ ನಾಡಾದ ಕರಾವಳಿಯಲ್ಲಿ ರಾಗಿಗೆ ಅಷ್ಟು ಸುಲಭದ ಗೆಲುವಿಲ್ಲ. ಆದರೆ ಅಕ್ಕಿಯನ್ನು ಸೋಲಿಸದೆಯೂ ಅದರ ಪಾಲನ್ನು ತಗ್ಗಿಸಬಹುದು.

ಎರಡನೆಯದು ರಸ್ತೆ. ಹಿಂದೆ ತೋಟದಿಂದ ಗುಡ್ಡಕ್ಕೆ, ಗುಡ್ಡದಿಂದ ಪೇಟೆಗೆ ಮುರಕಲ್ಲಿನ ಮೆಟ್ಟಿಲುಗಳನ್ನು ಹತ್ತಿಳಿಯುವುದೇ ಬದುಕಾಗಿತ್ತು. ಈಗ ಮನೆಯ ಬಾಗಿಲಿಗೆ ಆಟೋ ಬರುತ್ತದೆ. ತಲಪಾಡಿಯಿಂದ ದಕ್ಷಿಣಕ್ಕೆ ರಾಷ್ಟ್ರೀಯ ಹೆದ್ದಾರಿ 66 ಆರು ಪಥಗಳಾಗಿ ಅಗಲವಾಗುವಾಗ ಪಾದಚಾರಿಯ ಹಳೆಯ ದಾರಿಗಳು ಎಷ್ಟೋ ಕಡೆ ತುಂಡಾದವು. ಅದರ ಮೇಲೆ ಜನರ ಕಣ್ಣು. ಕೈಯಲ್ಲಿ ಚೀಲವಿಲ್ಲದೆ, ತಲುಪಬೇಕಾದ ಸ್ಥಳವಿಲ್ಲದೆ ಒಬ್ಬ ಹೆಂಗಸು ಬೆಳಗ್ಗೆ ಬಿರುಸಾಗಿ ನಡೆದರೆ ‘ಟೀಚರು ಎಲ್ಲಿಗೆ ಹೊರಟದ್ದು?’ ಎಂಬ ಪ್ರಶ್ನೆ ಪ್ರತಿ ಗೇಟಿನಿಂದಲೂ ಬರುತ್ತದೆ. ಕಾರಣ ಹೇಳಿದರೆ ನಗು, ಹೇಳದಿದ್ದರೆ ಸಂಶಯ.

ಈ ಅಡ್ಡಿಗೆ ಪರಿಹಾರ ಒಬ್ಬಂಟಿಯಾಗಿ ಸಿಗಲಿಲ್ಲ. ಕೇರಳದಲ್ಲಿ 1998ರಲ್ಲಿ ಆರಂಭವಾದ ಕುಟುಂಬಶ್ರೀ ಯೋಜನೆಯ ನೆರೆಕೂಟಗಳು ಈಗ ಹಳ್ಳಿಹಳ್ಳಿಯಲ್ಲಿವೆ. ಟೀಚರ ನೆರೆಕೂಟದ ನಾಲ್ವರು ಹೆಂಗಸರು ಅವರ ಜತೆ ನಡೆಯಲು ಒಪ್ಪಿದರು. ಒಬ್ಬರಿಗೆ ಕನ್ನಡ, ಇಬ್ಬರಿಗೆ ಮಲಯಾಳ, ಒಬ್ಬರಿಗೆ ತುಳು. ಐವರು ಒಟ್ಟಾಗಿ ನಡೆದಾಗ ಯಾರೂ ಪ್ರಶ್ನೆ ಕೇಳಲಿಲ್ಲ. ಹಾಸಿಗೆಯಿಂದ ಏಳಲು ಮನಸ್ಸಿಲ್ಲದ ದಿನ ಗೇಟಿನ ಬಳಿ ಕಾಯುವವರಿದ್ದಾರೆ ಎಂಬ ಸಂಕೋಚವೇ ಎಬ್ಬಿಸಿತು. ತಿರುವನಂತಪುರ ಜಿಲ್ಲೆಯ ನೆಯ್ಯಾಟಿಂಕರದಲ್ಲಿ 1,007 ಮಂದಿಯೊಡನೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಂಥ ಗುಂಪುಗಳನ್ನೇ, ನೆರೆಯವರಲ್ಲಿಯೇ ಒಬ್ಬರನ್ನು ಮುಂದಾಳಾಗಿ ಮಾಡಿ, ಪರೀಕ್ಷಿಸಿತು. ಎರಡು ವರ್ಷಗಳಲ್ಲಿ ಮಧುಮೇಹದ ಪ್ರಮಾಣ ಖಚಿತವೆನ್ನುವಷ್ಟು ತಗ್ಗಲಿಲ್ಲ. ಆದರೆ ಆಹಾರದ ಮತ್ತು ಮದ್ಯದ ಅಭ್ಯಾಸಗಳಲ್ಲಿ ಒಳ್ಳೆಯ ಬದಲಾವಣೆ ಕಂಡಿತು. ಗುಂಪು ಮಂತ್ರದಂಡವಲ್ಲ, ಊರುಗೋಲು ಎನ್ನಬಹುದು.

ಮೂರನೆಯದು ಏಪ್ರಿಲ್, ಮೇ ತಿಂಗಳ ಮದುವೆ, ಗೃಹಪ್ರವೇಶ, ಬ್ರಹ್ಮಕಲಶಗಳ ಊಟ. ಬಾಳೆಲೆಯ ಮುಂದೆ ಕುಳಿತವರಿಗೆ ‘ಒಂದು ಹೋಳಿಗೆಗೆ ಎಂತ ಆಗುವುದಿಲ್ಲ’ ಎಂಬ ಉಪಚಾರ ತಪ್ಪಿದ್ದಲ್ಲ. ಒಂದು ಹೋಳಿಗೆಯಿಂದ ನಿಜವಾಗಿಯೂ ಏನೂ ಆಗುವುದಿಲ್ಲ. ಅಪಾಯವಿರುವುದು ಹೋಳಿಗೆಯ ನಂತರ ಮನಸ್ಸು ಹೇಳುವ ‘ಇನ್ನು ಎಲ್ಲ ಹಾಳಾಯಿತು’ ಎಂಬ ಮಾತಿನಲ್ಲಿ. ಲಂಡನ್ನಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಗಮನಿಸಿ ಅಭ್ಯಾಸ ಬೇರೂರುವ ಬಗೆಯನ್ನು ಅಭ್ಯಸಿಸಿದರು. ಅದರ ಫಲಿತಾಂಶ 2010ರಲ್ಲಿ ಮುದ್ರಣಗೊಂಡಿತು. ಹೊಸ ಅಭ್ಯಾಸ ಸಹಜವಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನಗಳವರೆಗೂ ಬೇಕಾಗುವ ಲೆಕ್ಕವಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೆಡಲಿಲ್ಲ. ಛಲ ಒಂದು ಸೋಲಿಗೆ ಮುರಿಯುತ್ತದೆ. ನೇಮ ಒಂದು ದಿನ ತಪ್ಪಿದರೆ ಮರುದಿನ ಮುಂದುವರಿಯುತ್ತದೆ. ಟೀಚರು ಊಟದ ಮನೆಯಿಂದ ಬಂದ ಮರುದಿನ ಉಪವಾಸ ಮಾಡಲಿಲ್ಲ. ಎಂದಿನಂತೆ ಉಂಡರು, ಎಂದಿನಂತೆ ನಡೆದರು.

ಮೇ ಕೊನೆಯಲ್ಲಿ ತೂಕ 66ಕ್ಕೆ ಬಂದಿತು. ಜೂನ್ ಮೊದಲ ವಾರ ಮಳೆ ಹಿಡಿಯಿತು. ಅನಂತರದ ಮೂರು ತಿಂಗಳು ಮುಳ್ಳು ಅಲುಗಲಿಲ್ಲ. ಮಳೆಯಲ್ಲಿ ನಡಿಗೆ ಶಾಲೆಯ ಜಗಲಿಗೆ, ಮನೆಯ ಮೆಟ್ಟಿಲಿಗೆ ಬದಲಾಯಿತು, ಆದರೂ ತಪ್ಪಲಿಲ್ಲ. ಆಟಿಯ ಪತ್ರೊಡೆಗೂ ಲೆಕ್ಕವಿತ್ತು. ಹಾಗಿದ್ದರೂ ವಾರದಿಂದ ವಾರಕ್ಕೆ ಅದೇ 66. ಬಹುಮಂದಿ ಕೈಬಿಡುವುದು ಇಲ್ಲಿಯೇ. ಇದು ಮನೋದೌರ್ಬಲ್ಯದ ಫಲವಲ್ಲ, ದೇಹದ ಸ್ವಭಾವ. ತೂಕ ಇಳಿದ ದೇಹಕ್ಕೆ ಬೇಕಾದ ಶಕ್ತಿಯೂ ಇಳಿಯುತ್ತದೆ. ಹಿಂದೆ ಇಳಿಕೆ ತಂದ ಊಟ ಈಗ ಸಮತೋಲ ಮಾತ್ರ ತರುತ್ತದೆ. ಹಸಿವೆಯ ಹಾರ್ಮೋನುಗಳು ಏರುತ್ತವೆ, ತೃಪ್ತಿಯ ಹಾರ್ಮೋನುಗಳು ತಗ್ಗುತ್ತವೆ. ತೂಕ ಇಳಿಸಿ ಒಂದು ವರ್ಷ ಕಳೆದರೂ ಈ ಏರುಪೇರು ಉಳಿದಿರುತ್ತದೆ ಎಂದು ಮೆಲ್ಬರ್ನಿನ ಸಂಶೋಧಕರು 2011ರಲ್ಲಿ ತೋರಿಸಿದರು. ಬರಗಾಲಗಳನ್ನು ದಾಟಿ ಬಂದ ದೇಹ ತನ್ನ ಉಗ್ರಾಣವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಈ ಹಂತವನ್ನು ಅರ್ಥಮಾಡಿಕೊಳ್ಳಲು ಕಾಸರಗೋಡಿನವರು ದೂರ ಹೋಗಬೇಕಾಗಿಲ್ಲ. ಇಲ್ಲಿನ ಗುಡ್ಡಗಳ ಹೊಟ್ಟೆಯಲ್ಲಿ ಸುರಂಗಗಳಿವೆ. ಮುರಕಲ್ಲನ್ನು ಕೈಯಿಂದಲೇ ಕಡಿದು, ಒಬ್ಬ ಮನುಷ್ಯ ಒಳಹೋಗುವಷ್ಟು ಅಗಲದ ದಾರಿ ಮಾಡಿ, ನೀರಿನ ಸೆಲೆ ಸಿಗುವವರೆಗೆ ಕೋಲು ಕೋಲು ಅಳೆದು ಮುಂದೆ ಹೋಗುವ ವಿದ್ಯೆ ಅದು. ಗಡಿಯಾಚೆಗೆ, ಬಂಟ್ವಾಳ ತಾಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಈ ವಿದ್ಯೆಯ ಬಲದಿಂದ ಬರಡು ಗುಡ್ಡವನ್ನು ತೋಟ ಮಾಡಿದ್ದಕ್ಕೆ. ಅವರು ಅಡಿಕೆ, ತೆಂಗಿನ ಮರ ಹತ್ತುವ ಕೂಲಿ ಕಾರ್ಮಿಕರಾಗಿದ್ದರು. ಹಗಲು ದುಡಿದು ಬಂದು ಉಳಿದ ಹೊತ್ತಿನಲ್ಲಿ, ಕತ್ತಲಾದ ಮೇಲೆ ದೀಪದ ಬೆಳಕಿನಲ್ಲಿ, ಒಬ್ಬರೇ ಸುರಂಗ ಕೊರೆದರು. ಮೊದಲು ತೋಡಿದ ಸುರಂಗಗಳು ಒಂದರ ಹಿಂದೊಂದು ಬರಿದಾದವು. ವರ್ಷಗಳ ಶ್ರಮ ವ್ಯರ್ಥವಾಯಿತೆಂದು ಕಂಡವರು ಆಡಿಕೊಂಡರು. ಅವರು ಮತ್ತೊಂದನ್ನು ತೋಡಿದರು, ನೀರು ಬಂತು.

ಸುರಂಗ ಕೊರೆಯುವವನಿಗೆ ಇಂದು ನೀರು ಎಷ್ಟು ಹತ್ತಿರ ಬಂದಿತೆಂದು ಹೇಳುವ ಮುಳ್ಳಿಲ್ಲ. ಅವನ ಕೈಯಲ್ಲಿರುವುದು ಇಂದು ಕಡಿದ ಕಲ್ಲಿನ ಅಳತೆ ಮಾತ್ರ. ಅವನು ಅದನ್ನೇ ಅಳೆಯುತ್ತಾನೆ. ಟೀಚರು ಕೂಡ ಆ ಮೂರು ತಿಂಗಳು ಅಳತೆಯನ್ನು ಬದಲಿಸಿದರು. ತೂಕ ನೋಡುವುದನ್ನು ತಿಂಗಳಿಗೊಮ್ಮೆ ಇಟ್ಟುಕೊಂಡು, ನಡೆದ ದಿನಗಳನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿದರು. ಸೊಂಟದ ಸುತ್ತಳತೆ ಎರಡು ಸೆಂಟಿಮೀಟರ್ ಇಳಿದದ್ದು, ಶಾಲೆಯ ಮೇಲಂತಸ್ತಿಗೆ ಏದುಸಿರಿಲ್ಲದೆ ಹತ್ತಿದ್ದು ಆಗಲೇ ಕಂಡಿತು. ಚೆನ್ನೈಯ ವೈದ್ಯ ಎ. ರಾಮಚಂದ್ರನ್ ಮತ್ತು ಸಂಗಡಿಗರು 531 ಮಂದಿಯ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಇಂಥ ಸಮಯದಲ್ಲಿ ಧೈರ್ಯ ಕೊಡಬಲ್ಲದು. ಆಹಾರ ಮತ್ತು ನಡಿಗೆಯ ಕ್ರಮವನ್ನು ಪಾಲಿಸಿದವರಲ್ಲಿ ಮಧುಮೇಹದ ಅಪಾಯ ಶೇಕಡ 28.5ರಷ್ಟು ತಗ್ಗಿತ್ತು, ಅವರ ತೂಕ ಮಾತ್ರ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಮುಳ್ಳು ನಿಂತಾಗಲೂ ಒಳಗೆ ಕೆಲಸ ನಡೆಯುತ್ತಿರುತ್ತದೆ.

ಡಿಸೆಂಬರಿನಲ್ಲಿ ತೂಕ 65ಕ್ಕೆ ಇಳಿಯಿತು. ರಕ್ತಪರೀಕ್ಷೆಯ ಅಂಕಿ 5.6 ಆಯಿತು. ಐದು ಕಿಲೋ ಇಳಿದ ಟೀಚರನ್ನು ನೋಡಿ ಬೆರಗಾಗುವವರು ಯಾರೂ ಇಲ್ಲ. ಮದುವೆಮನೆಯಲ್ಲಿ ‘ಸೊರಗಿದ್ದೀರಿ’ ಎನ್ನುವವರು ಇದ್ದಾರೆ. ನಾಳೆ ನಡಿಗೆ ನಿಂತರೆ ಆ ಐದು ಕಿಲೋ ಮರಳಿ ಬರುವುದೆಂಬುದೂ ಅವರಿಗೆ ಗೊತ್ತಿದೆ. ಸುರಂಗದಲ್ಲಿ ನೀರು ಬಂದ ಮೇಲೂ ಮಳೆಗಾಲ ಕಳೆದಾಗಲೆಲ್ಲ ಕುಸಿದ ಮಣ್ಣನ್ನು ತೆಗೆಯಬೇಕು. ಇಲ್ಲವಾದರೆ ಸೆಲೆ ಮುಚ್ಚಿಹೋಗುತ್ತದೆ.

ಇಪ್ಪತ್ತರ ಪ್ರಾಯದ ವಿದ್ಯಾರ್ಥಿಗಳಿಗೆ ಈ ಕಥೆ ದೂರದ್ದೆನಿಸಬಹುದು. ಆದರೆ ಮನೆಯ ಅಡುಗೆಮನೆಯಲ್ಲಿ ಉಳಿಕೆಯನ್ನು ಉಣ್ಣುವ ತಾಯಿ ದೂರದವರಲ್ಲ. ಅಮ್ಮ ಬೆಳಗ್ಗೆ ನಡೆಯಲು ಹೊರಟರೆ ಆ ಅರ್ಧ ಗಂಟೆ ದೋಸೆ ಹುಯ್ಯುವ ಕೆಲಸವನ್ನು ಮಗನೋ ಮಗಳೋ ವಹಿಸಿಕೊಳ್ಳಬಹುದು. ತರಗತಿಯಲ್ಲಿ ಸಹಪಾಠಿಯನ್ನು ‘ಡುಮ್ಮ’ ಎಂದು ಕರೆಯುವ ಹಾಸ್ಯವನ್ನು ಬಿಡಬಹುದು. ಅವಮಾನದಿಂದ ಹುಟ್ಟಿದ ಛಲ ಕೆಲವೊಮ್ಮೆ ಊಟವನ್ನೇ ಶತ್ರುವಾಗಿಸಿ ಆರೋಗ್ಯವಂತರನ್ನೂ ರೋಗಿಗಳನ್ನಾಗಿಸುತ್ತದೆ. ಇಳಿಸಬೇಕಾದ ಅಗತ್ಯವೇ ಇಲ್ಲದವರೂ ಅನೇಕರಿದ್ದಾರೆ ಎಂಬುದನ್ನು ಮರೆಯಬಾರದು.

ಪೆರಡಾಲದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು 1915ರಿಂದ 2015ರವರೆಗೆ ಪೂರ್ಣ ನೂರು ವರ್ಷ ಬಾಳಿದರು. ಅಧ್ಯಾಪಕರಾಗಿದ್ದರು, ಕೃಷಿಕರೂ ಆಗಿದ್ದರು. ತಮ್ಮ ಆತ್ಮಕಥೆಗೆ ಅವರಿಟ್ಟ ಹೆಸರು ‘ದುಡಿತವೆ ನನ್ನ ದೇವರು’. ದುಡಿತ ಬದುಕಿನಿಂದ ಸರಿದುಹೋದ ಕಾಲದಲ್ಲಿ ಅದನ್ನು ಅರ್ಧ ಗಂಟೆಯ ನಡಿಗೆಯಾಗಿಯಾದರೂ ಮರಳಿ ತಂದುಕೊಳ್ಳಬೇಕಾಗಿದೆ. ಅದಕ್ಕೆ ದೊಡ್ಡ ಸಂಕಲ್ಪ ಬೇಕಾಗಿಲ್ಲ. ನಾಳೆ ಬೆಳಗ್ಗೆ ಗೇಟಿನ ಬಳಿ ಯಾರಾದರೊಬ್ಬರು ಕಾಯುವಂತೆ ಹೇಳಿಟ್ಟರೆ ಸಾಕು.